ಟೆಂಡರ್ ಪೋರ್ಟಲ್‌ನಲ್ಲಿ ಬಿಡ್ ಸಲ್ಲಿಸುವುದು ಹೇಗೆ: ಸಣ್ಣ ಸರಬರಾಜುದಾರರಿಗೆ ನೋಂದಣಿಯಿಂದ ಬಿಲ್ ಪಾವತಿಯವರೆಗಿನ ಮಾರ್ಗದರ್ಶಿ

ಕರ್ನಾಟಕದಲ್ಲಿ ಸರ್ಕಾರಿ ಇಲಾಖೆಗಳು, ನಿಗಮ-ಮಂಡಳಿಗಳು ಮತ್ತು ಸ್ಥಳೀಯ ಸಂಸ್ಥೆಗಳು ಸಾಮಗ್ರಿ ಖರೀದಿಸುವುದು ‘ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999’ ಮತ್ತು ಅದರ ಅಡಿಯಲ್ಲಿ ರೂಪಿಸಿದ 2000ದ ನಿಯಮಗಳ ಪ್ರಕಾರ. ವ್ಯವಹಾರದಲ್ಲಿ ಎಲ್ಲರೂ ಇದನ್ನು ಕೆಟಿಪಿಪಿ ಕಾಯ್ದೆ ಎನ್ನುತ್ತಾರೆ. ಮೊಹರು ಹಾಕಿದ ಲಕೋಟೆಯನ್ನು ಕಚೇರಿಯ ಟೆಂಡರ್ ಪೆಟ್ಟಿಗೆಗೆ ಹಾಕುತ್ತಿದ್ದ ಪದ್ಧತಿ ಹೋಗಿ ಇ-ಪ್ರೊಕ್ಯೂರ್‌ಮೆಂಟ್ ಬಂತು. ಈಗ ರಾಜ್ಯದ ಟೆಂಡರ್‌ಗಳು ‘ಕರ್ನಾಟಕ ಪಬ್ಲಿಕ್ ಪ್ರೊಕ್ಯೂರ್‌ಮೆಂಟ್ ಪೋರ್ಟಲ್’, ಅಂದರೆ ಕೆಪಿಪಿಪಿಯಲ್ಲಿ ಪ್ರಕಟವಾಗುತ್ತವೆ. ದೂರದ ತಾಲ್ಲೂಕಿನಲ್ಲಿ ವರ್ಕ್‌ಶಾಪ್ ಇಟ್ಟುಕೊಂಡವರಿಗೂ ಬೆಂಗಳೂರಿನ ದೊಡ್ಡ ಕಂಪನಿಗೂ ಒಂದೇ ದಿನ, ಒಂದೇ ಗಳಿಗೆಯಲ್ಲಿ ಟೆಂಡರ್ ಕಾಣಿಸುತ್ತದೆ. ಇದು ಸಣ್ಣ ಸಂಗತಿಯಲ್ಲ.

ಹೀಗಿದ್ದರೂ ಅನೇಕ ಸಣ್ಣ ಉದ್ಯಮಿಗಳು ಒಂದೆರಡು ಸಲ ಬಿಡ್ ಹಾಕಿ, ತಿರಸ್ಕೃತರಾಗಿ, ‘ಎಲ್ಲವೂ ಮೊದಲೇ ನಿಗದಿಯಾಗಿರುತ್ತದೆ’ ಎಂದು ಕೈಬಿಡುತ್ತಾರೆ. ಆ ಅನುಮಾನ ಕೆಲವು ಕಡೆ ನಿಜವಿರಬಹುದು. ಆದರೆ ತಿರಸ್ಕೃತವಾದ ಬಿಡ್‌ಗಳ ಕಾರಣಗಳನ್ನು ಓದಿ ನೋಡಿದರೆ, ಬಹಳಷ್ಟು ಬಿಡ್‌ಗಳು ದರದ ಲಕೋಟೆ ತೆರೆಯುವ ಮೊದಲೇ, ಒಂದು ಪ್ರಮಾಣಪತ್ರದ ಅವಧಿ ಮುಗಿದದ್ದಕ್ಕೋ ಒಂದು ಅನುಬಂಧಕ್ಕೆ ಸಹಿ ಇಲ್ಲದ್ದಕ್ಕೋ ಹೊರಬಿದ್ದಿರುವುದು ಕಾಣುತ್ತದೆ. ಆದ್ದರಿಂದ ಟೆಂಡರ್ ಪ್ರಕಟವಾಗುವ ಮೊದಲೇ ಮಾಡಿ ಮುಗಿಸಬೇಕಾದ ಸಿದ್ಧತೆಗೆ ಮತ್ತು ದರ ಕಟ್ಟುವ ಲೆಕ್ಕಕ್ಕೆ ಇಲ್ಲಿ ಹೆಚ್ಚು ಜಾಗ ಕೊಡಲಾಗಿದೆ. ಪೋರ್ಟಲ್‌ನಲ್ಲಿ ಗುಂಡಿ ಒತ್ತುವ ಭಾಗ ನಿಜಕ್ಕೂ ಸುಲಭದ್ದು.

ವಿಷಯ ಸ್ಪಷ್ಟವಾಗಲೆಂದು ಉದ್ದಕ್ಕೂ ಒಂದು ಕಾಲ್ಪನಿಕ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಒಂದು ಜಿಲ್ಲೆಯ ಎಂಟು ವಿದ್ಯಾರ್ಥಿನಿಲಯಗಳಿಗೆ 400 ಎರಡು ಅಂತಸ್ತಿನ ಕಬ್ಬಿಣದ ಮಂಚಗಳನ್ನು ಸರಬರಾಜು ಮಾಡಲು ಇಲಾಖೆಯೊಂದು ಟೆಂಡರ್ ಕರೆದಿದೆ. ನೀವು ಅಂಥ ಮಂಚಗಳನ್ನು ತಯಾರಿಸುವ ಸಣ್ಣ ಘಟಕದ ಮಾಲೀಕರು.

ಹಂತ 1: ಯಾವ ಪೋರ್ಟಲ್ ನಿಮ್ಮದು ಎಂದು ತಿಳಿಯುವುದು

ರಾಜ್ಯ ಸರ್ಕಾರದ ಖರೀದಿಗೆ ಕೆಪಿಪಿಪಿ. ಕೇಂದ್ರ ಸರ್ಕಾರದ ಸಚಿವಾಲಯಗಳು ಮತ್ತು ಸಾರ್ವಜನಿಕ ಉದ್ದಿಮೆಗಳು ಸಾಮಾನ್ಯ ಬಳಕೆಯ ಸರಕು ಮತ್ತು ಸೇವೆಗಳನ್ನು ಬಹುಪಾಲು 2016ರ ಆಗಸ್ಟ್‌ನಲ್ಲಿ ಆರಂಭವಾದ ‘ಗವರ್ನಮೆಂಟ್ ಇ-ಮಾರ್ಕೆಟ್‌ಪ್ಲೇಸ್’ ಅಂದರೆ ಜೆಮ್ ಮೂಲಕ ಕೊಳ್ಳುತ್ತವೆ. ಜೆಮ್‌ನಲ್ಲಿ ಸಿಗದ ವಸ್ತುಗಳ ಟೆಂಡರ್‌ಗಳು ಕೇಂದ್ರದ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ಬರುತ್ತವೆ. ರೈಲ್ವೆಗೆ ಐಆರ್‌ಇಪಿಎಸ್ ಎಂಬ ಪ್ರತ್ಯೇಕ ವ್ಯವಸ್ಥೆ ಇದೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆಗಾಗಲಿ ಯಲಹಂಕದ ರೈಲು ಗಾಲಿ ಕಾರ್ಖಾನೆಗಾಗಲಿ ಸರಬರಾಜು ಮಾಡಬಯಸುವವರು ಅಲ್ಲಿಯೇ ನೋಂದಾಯಿಸಿಕೊಳ್ಳಬೇಕು.

ಎಲ್ಲ ಕಡೆ ಒಮ್ಮೆಲೇ ನೋಂದಾಯಿಸಿಕೊಂಡು ಯಾವುದನ್ನೂ ಗಮನಿಸದೆ ಇರುವುದಕ್ಕಿಂತ, ಕಳೆದ ಒಂದು ವರ್ಷದಲ್ಲಿ ನಿಮ್ಮ ವಸ್ತುವನ್ನು ಯಾರು ಕೊಂಡಿದ್ದಾರೆ ಎಂದು ಹುಡುಕಿ ನೋಡಿ ಒಂದೋ ಎರಡೋ ಪೋರ್ಟಲ್‌ಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಕೆಪಿಪಿಪಿಯಲ್ಲಿ ಸರಕು, ಕಾಮಗಾರಿ ಮತ್ತು ಸೇವೆ ಎಂಬ ಮೂರು ವಿಭಾಗಗಳಿದ್ದು, ಲಾಗಿನ್ ಆಗದೆಯೇ ಟೆಂಡರ್‌ಗಳನ್ನು ಹುಡುಕಬಹುದು. ನೋಂದಣಿಗೆ ಮೊದಲೇ ನಿಮ್ಮ ವಸ್ತುವಿನ ನಾಲ್ಕೈದು ಟೆಂಡರ್ ದಾಖಲೆಗಳನ್ನು ಇಳಿಸಿಕೊಂಡು, ಅವುಗಳಲ್ಲಿ ಪದೇ ಪದೇ ಕೇಳುವ ಕಾಗದಪತ್ರಗಳು ಯಾವುವು ಎಂದು ಗುರುತು ಹಾಕಿಕೊಳ್ಳಿ. ಆ ಗುರುತುಗಳೇ ಮುಂದಿನ ಸಿದ್ಧತೆಯ ಪಟ್ಟಿಯಾಗುತ್ತವೆ.

ಹಂತ 2: ಡಿಜಿಟಲ್ ಸಹಿ ಪಡೆಯುವುದು ಮತ್ತು ಅದನ್ನು ಕೈಯಲ್ಲಿಟ್ಟುಕೊಳ್ಳುವುದು

ಪೋರ್ಟಲ್‌ನಲ್ಲಿ ಬಿಡ್‌ಗೆ ಹಾಕುವ ಸಹಿ ಎಂದರೆ ಡಿಜಿಟಲ್ ಸಿಗ್ನೇಚರ್ ಸರ್ಟಿಫಿಕೇಟ್, ಅಂದರೆ ಡಿಎಸ್‌ಸಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅದಕ್ಕೆ ಕೈಬರಹದ ಸಹಿಯಷ್ಟೇ ಕಾನೂನು ಬಲವಿದೆ. 2021ರ ಜನವರಿಯಿಂದ ಕ್ಲಾಸ್-2 ಪ್ರಮಾಣಪತ್ರಗಳ ವಿತರಣೆ ನಿಂತಿರುವುದರಿಂದ ಕ್ಲಾಸ್-3 ಪ್ರಮಾಣಪತ್ರವನ್ನೇ ಪಡೆಯಬೇಕು. ಕೊಳ್ಳುವಾಗ ಸಹಿಯ ಪ್ರಮಾಣಪತ್ರದ ಜೊತೆಗೆ ಎನ್‌ಕ್ರಿಪ್ಶನ್ (ಬೇರೆಯವರು ಓದಲಾಗದಂತೆ ಕಡತವನ್ನು ಗುಪ್ತಗೊಳಿಸುವ) ಪ್ರಮಾಣಪತ್ರವೂ ಇರುವ ಜೋಡಿಯನ್ನು ಕೇಳಿ ಪಡೆಯಿರಿ. ಬರೀ ಸಹಿಯದ್ದನ್ನು ಕೊಂಡು, ಬಿಡ್ ಸಲ್ಲಿಸುವ ದಿನ ಮತ್ತೊಂದಕ್ಕಾಗಿ ಓಡಾಡುವವರಿದ್ದಾರೆ. ಇದು ಪೆನ್ ಡ್ರೈವ್‌ನಂತೆ ಕಾಣುವ ಯುಎಸ್‌ಬಿ ಟೋಕನ್‌ನಲ್ಲಿ ಬರುತ್ತದೆ. ಗರಿಷ್ಠ ಮೂರು ವರ್ಷಗಳ ಅವಧಿಗೆ ಸಿಗುತ್ತದೆ. ಟೋಕನ್‌ನ ಪಾಸ್‌ವರ್ಡ್ ಅನ್ನು ಹಲವು ಸಲ ತಪ್ಪಾಗಿ ಒತ್ತಿದರೆ ಅದು ಲಾಕ್ ಆಗುತ್ತದೆ. ಗಡುವಿನ ದಿನ ಹಾಗಾದರೆ ಆ ಟೆಂಡರ್ ಕೈತಪ್ಪಿತೆಂದೇ ಲೆಕ್ಕ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಅನೇಕರು ಟೋಕನ್ ಮತ್ತು ಪಾಸ್‌ವರ್ಡ್ ಎರಡನ್ನೂ ಟೆಂಡರ್ ಹಾಕಿಕೊಡುವ ಏಜೆಂಟರ ಅಥವಾ ಸೈಬರ್ ಸೆಂಟರಿನವರ ಬಳಿಯೇ ಬಿಟ್ಟಿರುತ್ತಾರೆ. ಅದು ಸಹಿ ಮಾಡಿದ ಖಾಲಿ ಕಾಗದವನ್ನು ಇನ್ನೊಬ್ಬರ ಕೈಗೆ ಕೊಟ್ಟಂತೆ. ಆ ಟೋಕನ್‌ನಿಂದ ಸಲ್ಲಿಕೆಯಾದ ಪ್ರತಿಯೊಂದು ದಾಖಲೆಗೂ ಪ್ರತಿಯೊಂದು ದರಕ್ಕೂ ನೀವೇ ಹೊಣೆ. ಒಂದೇ ಏಜೆಂಟರು ಒಂದೇ ಟೆಂಡರ್‌ಗೆ ಮೂರು ಜನರ ಬಿಡ್‌ಗಳನ್ನು ಒಂದೇ ಕಂಪ್ಯೂಟರಿನಿಂದ ಸಲ್ಲಿಸಿದರೆ, ಮೂವರ ಐಪಿ ವಿಳಾಸವೂ ಒಂದೇ ಆಗಿ ದಾಖಲಾಗುತ್ತದೆ. ಬಿಡ್‌ದಾರರು ಒಳಒಪ್ಪಂದ ಮಾಡಿಕೊಳ್ಳುವುದನ್ನು 2002ರ ಸ್ಪರ್ಧಾ ಕಾಯ್ದೆಯ 3ನೇ ಪ್ರಕರಣ ನಿಷೇಧಿಸಿದೆ. ಅಂಥ ಪ್ರಕರಣಗಳ ವಿಚಾರಣೆಯಲ್ಲಿ ಐಪಿ ವಿಳಾಸ ಒಂದೇ ಆಗಿರುವುದನ್ನೂ ಸಾಕ್ಷ್ಯವಾಗಿ ಪರಿಗಣಿಸಲಾಗುತ್ತದೆ. ಏಜೆಂಟರ ನೆರವು ಪಡೆಯುವುದು ತಪ್ಪಲ್ಲ. ಆದರೆ ನಿಮ್ಮ ಕಣ್ಣೆದುರಿನಲ್ಲಿ, ನಿಮ್ಮದೇ ಕಂಪ್ಯೂಟರಿನಲ್ಲಿ, ನಿಮ್ಮ ಕೈಯಿಂದಲೇ ಟೋಕನ್ ಹಾಕಿ ಆ ಕೆಲಸ ಆಗಲಿ.

ಹಂತ 3: ನೋಂದಣಿ ಮತ್ತು ಉದ್ಯಮ್ ಪ್ರಮಾಣಪತ್ರ

ಕೆಪಿಪಿಪಿಯಲ್ಲಿ ಸರಬರಾಜುದಾರರಾಗಿ ನೋಂದಾಯಿಸಲು ಪ್ಯಾನ್, ಜಿಎಸ್‌ಟಿ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ, ಸಂಸ್ಥೆಯ ಸ್ವರೂಪವನ್ನು ತೋರಿಸುವ ದಾಖಲೆ ಮತ್ತು ಡಿಎಸ್‌ಸಿ ಬೇಕು. ಈ ದಾಖಲೆಗಳಲ್ಲಿ ಸಂಸ್ಥೆಯ ಹೆಸರು ಒಂದೇ ರೀತಿ ಇರಬೇಕು. ಪ್ಯಾನ್‌ನಲ್ಲಿ ‘ಎಂಟರ್‌ಪ್ರೈಸಸ್’ ಎಂದೂ ಬ್ಯಾಂಕಿನಲ್ಲಿ ‘ಎಂಟರ್‌ಪ್ರೈಸ್’ ಎಂದೂ ಇದ್ದರೆ ಇಂದಲ್ಲ ನಾಳೆ ತೊಡಕಾಗುತ್ತದೆ. ಈಗಲೇ ಸರಿಪಡಿಸಿಕೊಳ್ಳಿ. ಪಾಲುದಾರಿಕೆ ಸಂಸ್ಥೆಯಾದರೆ, ಡಿಎಸ್‌ಸಿ ಹೊಂದಿರುವ ಪಾಲುದಾರರಿಗೆ ಸಹಿ ಮಾಡುವ ಅಧಿಕಾರ ನೀಡುವ ಪತ್ರವನ್ನೂ ಸಿದ್ಧವಾಗಿಡಿ.

ಸಣ್ಣ ಉದ್ಯಮಿಗಳಿಗೆ ಉದ್ಯಮ್ ನೋಂದಣಿ, ಅಂದರೆ ಸೂಕ್ಷ್ಮ, ಸಣ್ಣ ಅಥವಾ ಮಧ್ಯಮ ಉದ್ಯಮವೆಂದು ಕೇಂದ್ರ ಸರ್ಕಾರದಲ್ಲಿ ಮಾಡಿಸುವ ನೋಂದಣಿ, ಅತ್ಯಂತ ಮುಖ್ಯ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿ ಸಂಪೂರ್ಣ ಉಚಿತ. ಅದಕ್ಕಾಗಿ ಯಾರಿಗೂ ಹಣ ಕೊಡಬೇಕಾಗಿಲ್ಲ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಖರೀದಿಸುವ ಬಗ್ಗೆ ಕೇಂದ್ರ ಸರ್ಕಾರವು 2012ರಲ್ಲಿ ಹೊರಡಿಸಿದ ನೀತಿಯ ಪ್ರಕಾರ, ಕೇಂದ್ರದ ಇಲಾಖೆಗಳು ಮತ್ತು ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯ ಶೇ 25ರಷ್ಟನ್ನು ಇಂಥ ಘಟಕಗಳಿಂದ ಪಡೆಯಬೇಕು. ಅದರೊಳಗೆ ಪರಿಶಿಷ್ಟ ಜಾತಿ ಮತ್ತು ಪಂಗಡದವರ ಘಟಕಗಳಿಗೆ ಶೇ 4 ಮತ್ತು ಮಹಿಳೆಯರ ಘಟಕಗಳಿಗೆ ಶೇ 3ರ ಪಾಲಿದೆ. ಟೆಂಡರ್ ದಾಖಲೆ ಉಚಿತ. ಇಎಂಡಿಯಿಂದ, ಅಂದರೆ ಬಿಡ್ ಜೊತೆ ಕಟ್ಟಬೇಕಾದ ಮುಂಗಡ ಠೇವಣಿಯಿಂದ, ವಿನಾಯಿತಿ ಇದೆ. ಎಲ್-1 ದರಕ್ಕಿಂತ, ಅಂದರೆ ಬಂದ ದರಗಳಲ್ಲಿ ಅತಿ ಕಡಿಮೆಯದಕ್ಕಿಂತ, ಶೇ 15ರೊಳಗಿನ ಹೆಚ್ಚಳದಲ್ಲಿ ನಿಮ್ಮ ದರವಿದ್ದು, ಎಲ್-1 ಬಂದವರು ಸೂಕ್ಷ್ಮ ಅಥವಾ ಸಣ್ಣ ಉದ್ಯಮದವರಲ್ಲದಿದ್ದರೆ, ನೀವು ಎಲ್-1 ದರಕ್ಕೆ ಒಪ್ಪಿಕೊಂಡು ಒಂದು ಪಾಲನ್ನು ಸರಬರಾಜು ಮಾಡಲು ಅವಕಾಶವಿದೆ.

ಇದರಲ್ಲಿ ಎರಡು ಎಚ್ಚರಿಕೆಗಳಿವೆ. ಈ ನೀತಿ ತಯಾರಕರಿಗೆ ಮತ್ತು ಸೇವೆ ನೀಡುವವರಿಗೆ ಅನ್ವಯಿಸುತ್ತದೆಯೇ ಹೊರತು, ಬೇರೆಯವರ ಸರಕನ್ನು ಕೊಂಡು ಮಾರುವ ವ್ಯಾಪಾರಿಗಳಿಗಲ್ಲ. ಎರಡನೆಯದಾಗಿ, ಇದು ಕೇಂದ್ರದ ಖರೀದಿಗೆ ಸಂಬಂಧಿಸಿದ್ದು. ರಾಜ್ಯದ ಟೆಂಡರ್‌ನಲ್ಲಿ ‘ನನಗೆ ಉದ್ಯಮ್ ಇದೆ, ಇಎಂಡಿ ಬೇಕಿಲ್ಲ’ ಎಂದು ತಾವಾಗಿಯೇ ತೀರ್ಮಾನಿಸಿ ಠೇವಣಿ ಕಟ್ಟದೆ ಬಿಡ್ ಸಲ್ಲಿಸುವವರು ತಿರಸ್ಕೃತರಾಗುತ್ತಾರೆ. ಆ ಟೆಂಡರ್ ದಾಖಲೆಯಲ್ಲೇ ವಿನಾಯಿತಿಯನ್ನು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಅದನ್ನು ನಂಬಬೇಕು.

ಹಂತ 4: ಕಾಗದಪತ್ರಗಳ ಕಡತವನ್ನು ಮೊದಲೇ ಕಟ್ಟುವುದು

ಟೆಂಡರ್ ಪ್ರಕಟವಾದ ಮೇಲೆ ಕಾಗದಪತ್ರ ಹುಡುಕಲು ಹೊರಡುವವರು ಗಡುವಿನ ಕೊನೆಯ ದಿನದವರೆಗೂ ಅದರಲ್ಲೇ ಇರುತ್ತಾರೆ. ಹಾಗಾಗಬಾರದೆಂದರೆ ಕಳೆದ ಮೂರು ಅಥವಾ ಐದು ವರ್ಷಗಳ ಲೆಕ್ಕಪರಿಶೋಧಿತ ಆಯವ್ಯಯ ತಖ್ತೆಗಳು, ಆದಾಯ ತೆರಿಗೆ ವಿವರಗಳು, ಇತ್ತೀಚಿನ ಜಿಎಸ್‌ಟಿ ರಿಟರ್ನ್‌ಗಳು, ಚಾರ್ಟರ್ಡ್ ಅಕೌಂಟೆಂಟರು ಕೊಟ್ಟ ವಹಿವಾಟು ಪ್ರಮಾಣಪತ್ರ, ಇಪಿಎಫ್ ಮತ್ತು ಇಎಸ್‌ಐ ನೋಂದಣಿ, ಗುಣಮಟ್ಟದ ಪ್ರಮಾಣಪತ್ರಗಳು ಮತ್ತು ಹಿಂದಿನ ಸರಬರಾಜಿನ ದಾಖಲೆಗಳನ್ನು ಒಂದು ಫೋಲ್ಡರಿನಲ್ಲಿ ಸ್ಪಷ್ಟವಾಗಿ ಸ್ಕ್ಯಾನ್ ಮಾಡಿ ಇಡಬೇಕು. ಫೈಲಿನ ಹೆಸರಿನಲ್ಲೇ ಅದರ ಅವಧಿ ಮುಗಿಯುವ ದಿನಾಂಕವನ್ನು ಬರೆದರೆ ಯಾವುದು ಹಳೆಯದಾಗಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಅಕೌಂಟೆಂಟರ ಪ್ರಮಾಣಪತ್ರದಲ್ಲಿ ಯುಡಿಐಎನ್, ಅಂದರೆ ಆ ದಾಖಲೆಗೆ ಮಾತ್ರ ಕೊಡುವ ಪ್ರತ್ಯೇಕ ಗುರುತಿನ ಸಂಖ್ಯೆ ಇದೆಯೇ ಎಂದು ನೋಡಿ. 2019ರಿಂದ ಕಡ್ಡಾಯವಾಗಿರುವ ಆ ಸಂಖ್ಯೆ ಇಲ್ಲದ ಪ್ರಮಾಣಪತ್ರವನ್ನು ಪರಿಶೀಲನಾ ಸಮಿತಿಯವರು ಒಪ್ಪುವುದಿಲ್ಲ.

ಅನುಭವದ ದಾಖಲೆಯ ವಿಷಯದಲ್ಲೇ ಹೆಚ್ಚು ಜನ ಎಡವುವುದು. ಸರಬರಾಜು ಆದೇಶದ ಪ್ರತಿ ಮಾತ್ರ ಇದ್ದರೆ ನಿಮಗೆ ಆದೇಶ ಬಂದಿತ್ತು ಎಂದಷ್ಟೇ ರುಜುವಾಗುತ್ತದೆ, ನೀವು ಸರಬರಾಜು ಮಾಡಿದಿರಿ ಎಂದಲ್ಲ. ಆದೇಶ, ಇನ್‌ವಾಯ್ಸ್, ಮತ್ತು ಪ್ರಮಾಣ, ಮೊತ್ತ ಹಾಗೂ ದಿನಾಂಕಗಳನ್ನು ನಮೂದಿಸಿ ಖರೀದಿದಾರರು ಕೊಟ್ಟ ಪೂರ್ಣಗೊಂಡ ಪ್ರಮಾಣಪತ್ರ, ಈ ಮೂರೂ ಜೊತೆಗಿರಬೇಕು. ಕಪ್ಪುಪಟ್ಟಿಗೆ ಸೇರಿಲ್ಲ ಎಂಬ ಪ್ರಮಾಣಪತ್ರವನ್ನು ಛಾಪಾ ಕಾಗದದ ಮೇಲೆ ನೋಟರಿಯವರಿಂದ ದೃಢೀಕರಿಸಿ ಕೊಡಲು ಸಾಮಾನ್ಯವಾಗಿ ಕೇಳುತ್ತಾರೆ. ಅದರಲ್ಲಿ ಟೆಂಡರ್ ಸಂಖ್ಯೆ ನಮೂದಿಸಬೇಕಾಗಿರುವುದರಿಂದ ಪ್ರತಿ ಸಲವೂ ಹೊಸದಾಗಿ ಮಾಡಿಸಬೇಕಾಗುತ್ತದೆ.

ಹಂತ 5: ಟೆಂಡರ್ ದಾಖಲೆಯನ್ನು ಓದುವುದು

ಪ್ರಕಟಣೆಯ ಮೊದಲ ಪುಟದಲ್ಲಿ ಅಂದಾಜು ಮೊತ್ತ, ಇಎಂಡಿ, ಕೊನೆಯ ದಿನಾಂಕ ಮತ್ತು ಸಮಯ ಇರುತ್ತವೆ. ಹೆಚ್ಚಿನವರು ಅಷ್ಟನ್ನು ನೋಡಿ ನೇರವಾಗಿ ದರದ ಪುಟಕ್ಕೆ ಹೋಗುತ್ತಾರೆ. ದಾಖಲೆಯನ್ನು ಎರಡು ಸಲ ಓದುವುದು ಅಗತ್ಯ. ಮೊದಲ ಓದಿನಲ್ಲಿ ಒಂದೇ ಪ್ರಶ್ನೆ ಇರಲಿ: ನಾನು ಅರ್ಹನೇ? ವಾರ್ಷಿಕ ವಹಿವಾಟು, ಹಿಂದಿನ ಸರಬರಾಜಿನ ಪ್ರಮಾಣ, ತಯಾರಕರೇ ಆಗಿರಬೇಕೆಂಬ ಷರತ್ತು ಅಥವಾ ತಯಾರಕರ ಅಧಿಕಾರ ಪತ್ರ, ಇವುಗಳಲ್ಲಿ ಒಂದು ಇಲ್ಲದಿದ್ದರೂ ಅಲ್ಲಿಗೇ ನಿಲ್ಲಿಸಿ. ಅರ್ಹತೆಯಿಲ್ಲದ ಟೆಂಡರ್‌ಗೆ ‘ನೋಡೋಣ’ ಎಂದು ಬಿಡ್ ಹಾಕುವುದರಿಂದ ಸಮಯ ಹೋಗುತ್ತದೆ, ಶುಲ್ಕ ಹೋಗುತ್ತದೆ, ಠೇವಣಿಯ ಹಣ ಕೆಲವು ಕಾಲ ಸಿಕ್ಕಿಬೀಳುತ್ತದೆ.

ಎರಡನೆಯ ಓದು ತಾಂತ್ರಿಕ ನಿರ್ದಿಷ್ಟತೆಯದ್ದು. ನಮ್ಮ ಉದಾಹರಣೆಯ ಮಂಚಕ್ಕೆ 16 ಗೇಜ್ ಚೌಕ ಪೈಪ್ ಬಳಸಬೇಕು ಎಂದು ಬರೆದಿದೆ ಎಂದುಕೊಳ್ಳಿ. ಅಂದರೆ ಸುಮಾರು 1.6 ಮಿಲಿಮೀಟರ್ ದಪ್ಪ. ಮಾರುಕಟ್ಟೆಗೆ ಮಾಡುವ ಮಂಚಗಳಿಗೆ ನೀವು 18 ಗೇಜ್, ಅಂದರೆ ಸುಮಾರು 1.2 ಮಿಲಿಮೀಟರ್ ಪೈಪ್ ಬಳಸುತ್ತಿದ್ದರೆ, ನಿಮ್ಮ ಎಂದಿನ ಲೆಕ್ಕದಲ್ಲಿ ಕಬ್ಬಿಣದ ತೂಕ ಸುಮಾರು ಕಾಲು ಭಾಗ ಕಡಿಮೆ ಇದೆ ಎಂದರ್ಥ. ಈ ಒಂದು ಸಾಲನ್ನು ಗಮನಿಸದೆ ದರ ಹಾಕಿ ಎಲ್-1 ಆದರೆ, ಒಂದೋ ನಷ್ಟಕ್ಕೆ ಸರಬರಾಜು ಮಾಡಬೇಕು, ಇಲ್ಲವೇ ತಪಾಸಣೆಯ ದಿನ ವರ್ನಿಯರ್ ಕ್ಯಾಲಿಪರ್ ಹಿಡಿದ ಎಂಜಿನಿಯರರ ಮುಂದೆ ಸರಕು ತಿರಸ್ಕೃತವಾಗುವುದನ್ನು ನೋಡಬೇಕು. ಬಣ್ಣ ಪೌಡರ್ ಕೋಟಿಂಗೋ ಎನಾಮಲ್ಲೋ, ಸರಬರಾಜು ಮಾಡಬೇಕಾದದ್ದು ಜಿಲ್ಲಾ ಕೇಂದ್ರಕ್ಕೋ ಪ್ರತಿ ವಿದ್ಯಾರ್ಥಿನಿಲಯದ ಬಾಗಿಲಿಗೋ, ಜೋಡಿಸಿಕೊಡುವುದು ಯಾರ ಹೊಣೆ, ವಾರಂಟಿ ಎಷ್ಟು ವರ್ಷ, ತಡವಾದರೆ ವಾರಕ್ಕೆ ಎಷ್ಟು ದಂಡ ಎಂಬುದನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ.

ಅಸ್ಪಷ್ಟವಾದದ್ದು ಕಂಡರೆ ಊಹಿಸಬೇಡಿ, ಕೇಳಿ. ಟೆಂಡರ್ ಆಹ್ವಾನಿಸುವ ಪ್ರಾಧಿಕಾರಕ್ಕೆ ಲಿಖಿತವಾಗಿ ಸ್ಪಷ್ಟೀಕರಣ ಕೇಳಲು ದಿನಾಂಕ ನಿಗದಿಯಾಗಿರುತ್ತದೆ, ದೊಡ್ಡ ಟೆಂಡರ್‌ಗಳಲ್ಲಿ ಬಿಡ್ ಪೂರ್ವ ಸಭೆಯೂ ಇರುತ್ತದೆ. ಒಂದೇ ಕಂಪನಿಗೆ ಹೊಂದುವಂತೆ ಷರತ್ತು ಬರೆದಿದೆ ಎಂದು ಅನಿಸಿದರೆ ಅದನ್ನು ಎತ್ತಬೇಕಾದ ಜಾಗವೂ ಇದೇ. ಬಿಡ್ ತೆರೆದ ಮೇಲೆ ಆ ಮಾತಿಗೆ ಬೆಲೆ ಕಡಿಮೆ. ಷರತ್ತು ಬದಲಾದರೆ ಅಥವಾ ಗಡುವು ಮುಂದೆ ಹೋದರೆ ತಿದ್ದುಪಡಿ ಪ್ರಕಟಣೆ ಬರುತ್ತದೆ. ಸಲ್ಲಿಸುವ ಹಿಂದಿನ ದಿನದವರೆಗೂ ಪೋರ್ಟಲ್‌ನಲ್ಲಿ ಅದನ್ನು ನೋಡುತ್ತಿರಬೇಕು.

ಹಂತ 6: ದರ ಕಟ್ಟುವುದು

ಸರ್ಕಾರಿ ಸರಬರಾಜಿನ ದರಕ್ಕೂ ಅಂಗಡಿಗೆ ಮಾರುವ ದರಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಹಣ ಬರುವ ಕಾಲ. ಅದನ್ನು ಲೆಕ್ಕಕ್ಕೆ ತಾರದವರು ಟೆಂಡರ್ ಗೆದ್ದು ಸಾಲಗಾರರಾಗುತ್ತಾರೆ. ಕೆಳಗಿನ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಮಾತ್ರ. ನಿಮ್ಮ ಅಂಕಿಗಳನ್ನು ನೀವೇ ಹಾಕಿಕೊಳ್ಳಬೇಕು.

ಒಂದು ಮಂಚಕ್ಕೆ ಕಬ್ಬಿಣ, ವೆಲ್ಡಿಂಗ್, ಬಣ್ಣ, ಕೂಲಿ ಎಲ್ಲ ಸೇರಿ ತಯಾರಿಕಾ ವೆಚ್ಚ 9,000 ರೂಪಾಯಿ. ಎಂಟು ಊರುಗಳಿಗೆ ಸಾಗಿಸಿ ಜೋಡಿಸಲು 550 ರೂಪಾಯಿ. ಇಲ್ಲಿಗೆ 9,550 ಆಯಿತು, 400 ಮಂಚಗಳಿಗೆ 38.2 ಲಕ್ಷ. ಸರಬರಾಜು ಮಾಡಿದ ನಾಲ್ಕು ತಿಂಗಳಿಗೆ ಹಣ ಬರುತ್ತದೆ ಎಂದೂ ನಿಮ್ಮ ಓವರ್‌ಡ್ರಾಫ್ಟಿನ ಬಡ್ಡಿ ವರ್ಷಕ್ಕೆ ಶೇ 12 ಎಂದೂ ಇಟ್ಟುಕೊಂಡರೆ, ಆ ನಾಲ್ಕು ತಿಂಗಳ ಬಡ್ಡಿ ಸುಮಾರು 1.53 ಲಕ್ಷ, ಮಂಚವೊಂದಕ್ಕೆ 382 ರೂಪಾಯಿ. ಗುತ್ತಿಗೆ ಮೊತ್ತದ ಶೇ 5ರಷ್ಟು ಭದ್ರತಾ ಠೇವಣಿ ಎಂದರೆ ಸುಮಾರು 2.2 ಲಕ್ಷ ರೂಪಾಯಿ ವಾರಂಟಿ ಮುಗಿಯುವವರೆಗೆ, 15 ತಿಂಗಳು ಎನ್ನೋಣ, ಸಿಕ್ಕಿಬೀಳುತ್ತದೆ. ಅದರ ಬಡ್ಡಿ 33,000, ಮಂಚಕ್ಕೆ 82. ಜಿಎಸ್‌ಟಿಯನ್ನು ಇಲಾಖೆಯಿಂದ ಹಣ ಬಂದ ಮೇಲೆ ಕಟ್ಟಿದರಾಯಿತು ಎಂದು ತಿಳಿಯಬೇಡಿ. ಇನ್‌ವಾಯ್ಸ್ ಮಾಡಿದ ತಿಂಗಳ ಲೆಕ್ಕಕ್ಕೆ ಅದು ಸೇರುತ್ತದೆ. ಒಂದು ಭಾಗವನ್ನು ಕಚ್ಚಾವಸ್ತು ಕೊಂಡಾಗಲೇ ಕೊಟ್ಟಿರುತ್ತೀರಿ, ಉಳಿದದ್ದನ್ನು ರಿಟರ್ನ್ ಜೊತೆ ಕಟ್ಟುತ್ತೀರಿ. ಸುಮಾರು 7.9 ಲಕ್ಷ ರೂಪಾಯಿಯ ಆ ತೆರಿಗೆಗೆ ನಾಲ್ಕು ತಿಂಗಳ ಬಡ್ಡಿ ಮಂಚಕ್ಕೆ 79 ರೂಪಾಯಿ ಬೀಳುತ್ತದೆ. ವಾರಂಟಿ ಅವಧಿಯ ದುರಸ್ತಿಗೆ 100 ರೂಪಾಯಿ ಇಟ್ಟರೆ ಒಟ್ಟು 10,193. ಅದರ ಮೇಲೆ ಶೇ 8 ಲಾಭ, ಅಂದರೆ 815 ಸೇರಿಸಿದರೆ 11,008 ರೂಪಾಯಿ. ಶೇ 18 ಜಿಎಸ್‌ಟಿ ಸೇರಿದರೆ 12,989.

ಈ ಲೆಕ್ಕದಲ್ಲಿ ಬಡ್ಡಿಯ ಮೂರು ಬಾಬ್ತುಗಳು ಸೇರಿ 543 ರೂಪಾಯಿ ಆಗಿವೆ. ಅವುಗಳನ್ನು ಮರೆತು ದರ ಹಾಕಿದ್ದರೆ ನಿಮ್ಮ 815 ರೂಪಾಯಿ ಲಾಭದಲ್ಲಿ ಮೂರರಲ್ಲಿ ಎರಡು ಪಾಲು ಬ್ಯಾಂಕಿಗೆ ಹೋಗುತ್ತಿತ್ತು. ಪೈಪ್ 16 ಗೇಜ್ ಎಂಬುದನ್ನೂ ಮರೆತಿದ್ದರೆ ಉಳಿಯುವುದು ಏನೂ ಇಲ್ಲ.

ದರದ ನಮೂನೆಯಲ್ಲಿ ಜಿಎಸ್‌ಟಿ ಸೇರಿಸಿ ಬರೆಯಬೇಕೋ ಬಿಟ್ಟು ಬರೆಯಬೇಕೋ ಎಂಬುದನ್ನು ಕಡ್ಡಾಯವಾಗಿ ಖಚಿತಪಡಿಸಿಕೊಳ್ಳಿ. ತೆರಿಗೆ ಸೇರಿದ ದರ ಕೇಳಿದ್ದಲ್ಲಿ 11,008 ಎಂದು ಬರೆದರೆ ತೆರಿಗೆ ಅದರೊಳಗಿಂದಲೇ ಹೋಗಿ, ಇಡೀ ಆದೇಶದ ಮೇಲೆ ನಿಮ್ಮ ಕೈಗೆ ಸುಮಾರು 6.7 ಲಕ್ಷ ರೂಪಾಯಿ ಕಡಿಮೆ ಬರುತ್ತದೆ. ಹಿಂದೆ ಸರಿದರೆ ಇಎಂಡಿ ಮುಟ್ಟುಗೋಲಾಗುತ್ತದೆ. ತೆರಿಗೆ ಬಿಟ್ಟು ಕೇಳಿದ್ದಲ್ಲಿ 12,989 ಎಂದು ಬರೆದರೆ ಎಲ್-1 ಆಗುವ ಅವಕಾಶವೇ ತಪ್ಪುತ್ತದೆ.

ಹಂತ 7: ಇಎಂಡಿ ಕಟ್ಟುವುದು

ಶುಲ್ಕ ಮತ್ತು ಇಎಂಡಿಯನ್ನು ಪೋರ್ಟಲ್ ಮೂಲಕವೇ ಪಾವತಿಸಬೇಕು. ನೆಟ್ ಬ್ಯಾಂಕಿಂಗ್ ಮೂಲಕವಾದರೆ ಕೂಡಲೇ ದಾಖಲಾಗುತ್ತದೆ. ನೆಫ್ಟ್ ಚಲನ್ ಆರಿಸಿಕೊಂಡರೆ ಚಲನ್‌ನಲ್ಲಿರುವ ಖಾತೆ ಸಂಖ್ಯೆಗೆ, ಅದರಲ್ಲಿರುವ ಮೊತ್ತವನ್ನೇ ಒಂದು ರೂಪಾಯಿಯೂ ವ್ಯತ್ಯಾಸವಿಲ್ಲದಂತೆ ಕಳುಹಿಸಬೇಕು. ಬ್ಯಾಂಕಿನಿಂದ ಹಣ ಹೋಗಿದೆ ಎಂಬ ಸಂದೇಶ ಬಂದರೆ ಸಾಲದು. ಗಡುವಿನೊಳಗೆ ಅದು ಪೋರ್ಟಲ್‌ನಲ್ಲಿ ಪಾವತಿಯಾಗಿದೆ ಎಂದು ಕಾಣಿಸಬೇಕು. ಕನಿಷ್ಠ ಎರಡು ಕೆಲಸದ ದಿನ ಮುಂಚೆ ಕಟ್ಟುವುದು ಕ್ಷೇಮ. ಹಣದ ಬದಲು ಬ್ಯಾಂಕ್ ಗ್ಯಾರಂಟಿ ಕೊಡುವುದಾದರೆ ಅದರ ಅವಧಿಯನ್ನು ನೋಡಿಕೊಳ್ಳಿ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಅದು ಬಿಡ್‌ನ ಸಿಂಧುತ್ವ ಮುಗಿದ ಮೇಲೂ 45 ದಿನ ಚಾಲ್ತಿಯಲ್ಲಿರಬೇಕು.

ಹಂತ 8: ಬಿಡ್ ಸಲ್ಲಿಸುವುದು

ಎರಡು ಲಕೋಟೆಗಳ ಪದ್ಧತಿಯಲ್ಲಿ ಅರ್ಹತೆಯ ದಾಖಲೆಗಳು ಮತ್ತು ತಾಂತ್ರಿಕ ವಿವರಗಳು ಒಂದು ಭಾಗಕ್ಕೆ, ದರ ಮಾತ್ರ ಇನ್ನೊಂದು ಭಾಗಕ್ಕೆ ಸೇರುತ್ತವೆ. ತಾಂತ್ರಿಕ ಭಾಗದ ಯಾವುದೇ ಕಡತದಲ್ಲಿ ದರ ಕಾಣಿಸಬಾರದು. ಕೊಟೇಶನ್ ಪ್ರತಿಯನ್ನೋ ದರ ನಮೂದಿಸಿದ ಕ್ಯಾಟಲಾಗನ್ನೋ ಅರಿಯದೆ ತಾಂತ್ರಿಕ ಭಾಗಕ್ಕೆ ಏರಿಸಿದರೆ ಬಿಡ್ ಅನರ್ಹವಾಗುತ್ತದೆ. ಕೇಂದ್ರದ ಪೋರ್ಟಲ್‌ನಲ್ಲಿ ದರ ತುಂಬಲು ಎಕ್ಸೆಲ್ ಕಡತ ಕೊಡುತ್ತಾರೆ. ಅದರ ಹೆಸರನ್ನಾಗಲಿ ಸಾಲು-ಕಾಲಂಗಳನ್ನಾಗಲಿ ಬದಲಿಸದೆ, ತೆರೆದಿರುವ ಕೋಶಗಳಲ್ಲಿ ಮಾತ್ರ ಅಂಕಿ ತುಂಬಬೇಕು.

ಟೆಂಡರ್‌ನಲ್ಲಿ ಕೇಳಿದ ಕ್ರಮದಲ್ಲೇ ದಾಖಲೆಗಳನ್ನು ಜೋಡಿಸಿ, ಪುಟ ಸಂಖ್ಯೆ ಹಾಕಿ, ಮೊದಲ ಪುಟದಲ್ಲಿ ಯಾವ ಷರತ್ತಿಗೆ ಯಾವ ಪುಟದಲ್ಲಿ ದಾಖಲೆ ಇದೆ ಎಂಬ ಸೂಚಿ ಕೊಡಿ. ಹತ್ತಾರು ಬಿಡ್‌ಗಳನ್ನು ಪರಿಶೀಲಿಸುವ ಅಧಿಕಾರಿಗೆ ನಿಮ್ಮ ದಾಖಲೆ ಕಣ್ತಪ್ಪಿಹೋಗದಂತೆ ಮಾಡುವ ಹೊಣೆ ನಿಮ್ಮದೇ. ಟೋಕನ್‌ನ ಡ್ರೈವರ್ ಮತ್ತು ಸಹಿಯ ತಂತ್ರಾಂಶ ಕೆಲಸ ಮಾಡುತ್ತಿವೆಯೇ ಎಂದು ವಾರ ಮೊದಲೇ ಪರೀಕ್ಷಿಸಿ. ಗಡುವು ಲೆಕ್ಕಕ್ಕೆ ಬರುವುದು ಪೋರ್ಟಲ್‌ನ ಗಡಿಯಾರದ ಪ್ರಕಾರ, ನಿಮ್ಮ ಕೈಗಡಿಯಾರದ ಪ್ರಕಾರವಲ್ಲ. ಕರಡು ಉಳಿಸುವುದಕ್ಕೂ ಸಲ್ಲಿಸುವುದಕ್ಕೂ ವ್ಯತ್ಯಾಸವಿದೆ. ಸ್ವೀಕೃತಿ ಸಂಖ್ಯೆ ಬಂದು, ಅದನ್ನು ಇಳಿಸಿಕೊಂಡ ಮೇಲೆಯೇ ಕೆಲಸ ಮುಗಿಯಿತೆಂದು ತಿಳಿಯಬೇಕು.

ಜೆಮ್‌ನಲ್ಲಿ ಬಿಡ್ ಬಳಿಕ ರಿವರ್ಸ್ ಆಕ್ಷನ್, ಅಂದರೆ ಬಿಡ್‌ದಾರರು ಪೈಪೋಟಿಯಲ್ಲಿ ದರ ಇಳಿಸುತ್ತ ಹೋಗುವ ಹರಾಜು, ಇರಬಹುದು. ಗಳಿಗೆಗಳಿಗೆಗೆ ದರ ಇಳಿಯುವ ಆ ಹೊತ್ತಿನಲ್ಲಿ ಲೆಕ್ಕ ಮಾಡಲು ಆಗುವುದಿಲ್ಲ. ಹಂತ 6ರಲ್ಲಿ ಮಾಡಿದ ಲೆಕ್ಕದಿಂದ ನಿಮ್ಮ ಕನಿಷ್ಠ ದರವನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟು, ಅದರ ಕೆಳಗೆ ಒಂದು ರೂಪಾಯಿಯೂ ಇಳಿಯಬೇಡಿ.

ಹಂತ 9: ಬಿಡ್ ತೆರೆದ ಮೇಲೆ

ತಾಂತ್ರಿಕ ಪರಿಶೀಲನೆಯ ವೇಳೆ ಸ್ಪಷ್ಟೀಕರಣ ಕೇಳಿ ಸಂದೇಶ ಬರಬಹುದು. ಎರಡು ಮೂರು ದಿನಗಳ ಅವಕಾಶ ಮಾತ್ರ ಇರುವುದರಿಂದ ನೋಂದಣಿಯಲ್ಲಿ ಕೊಟ್ಟ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ನಿಮ್ಮದೇ ಆಗಿರಬೇಕು, ಏಜೆಂಟರದ್ದಲ್ಲ. ತಿರಸ್ಕೃತರಾದರೆ ಕಾರಣವನ್ನು ಓದಿ, ಲಿಖಿತವಾಗಿ ಕೇಳಿ ಪಡೆಯಿರಿ. ಟೆಂಡರ್ ಅಂಗೀಕರಿಸುವ ಪ್ರಾಧಿಕಾರವು ಕೆಟಿಪಿಪಿ ಕಾಯ್ದೆಯ 13ನೇ ಪ್ರಕರಣದಡಿ ಹೊರಡಿಸಿದ ಆದೇಶದಿಂದ ನಿಮಗೆ ಅನ್ಯಾಯವಾಗಿದೆ ಎನಿಸಿದರೆ, ಆದೇಶ ಕೈಸೇರಿದ 30 ದಿನಗಳೊಳಗೆ 16ನೇ ಪ್ರಕರಣದಡಿ ಮೇಲ್ಮನವಿ ಸಲ್ಲಿಸುವ ಹಕ್ಕಿದೆ. ಆ ಆದೇಶ ಸರ್ಕಾರದ್ದೇ ಆಗಿದ್ದರೆ ಈ ಮೇಲ್ಮನವಿ ಅನ್ವಯಿಸುವುದಿಲ್ಲ. ಮೇಲ್ಮನವಿ ಗೆಲ್ಲುವುದು ದಾಖಲೆಗಳ ಮೇಲೆ. ಸಲ್ಲಿಸಿದ ಪ್ರತಿ ಕಡತದ ಪ್ರತಿಯನ್ನೂ ಸ್ವೀಕೃತಿಯನ್ನೂ ಇಟ್ಟುಕೊಂಡವರು ಮಾತ್ರ ಧೈರ್ಯವಾಗಿ ಆ ದಾರಿ ಹಿಡಿಯಬಹುದು.

ಹಂತ 10: ಆದೇಶದಿಂದ ಹಣ ಕೈಸೇರುವವರೆಗೆ

ಆಯ್ಕೆಯಾದ ಪತ್ರ ಬಂದ ನಂತರ ನಿಗದಿತ ದಿನಗಳೊಳಗೆ ಭದ್ರತಾ ಠೇವಣಿ ಕಟ್ಟಿ ಒಪ್ಪಂದಕ್ಕೆ ಸಹಿ ಹಾಕಬೇಕು. ಸರಬರಾಜಿನ ಪ್ರತಿ ಕಂತಿಗೂ ಡೆಲಿವರಿ ಚಲನ್ ಮೇಲೆ ಪಡೆದುಕೊಂಡವರ ಹೆಸರು, ಹುದ್ದೆ, ಸಹಿ, ಮೊಹರು ಮತ್ತು ದಿನಾಂಕ ಇರಲಿ. ನಿಲಯದ ವಾರ್ಡನ್ ಇಲ್ಲವೆಂದು ಕಾವಲುಗಾರರ ಸಹಿ ಪಡೆದು ಬಂದರೆ ಬಿಲ್ ಹೊತ್ತಿಗೆ ಆ ಚಲನ್‌ಗೆ ಬೆಲೆ ಇರುವುದಿಲ್ಲ. ಜೆಮ್‌ನಲ್ಲಿ ಸರಕು ಸ್ವೀಕರಿಸಿದ ಪ್ರಮಾಣಪತ್ರ ಹೊರಟ ಮೇಲೆ 10 ದಿನಗಳೊಳಗೆ ಪಾವತಿಯಾಗಬೇಕೆಂಬ ನಿಯಮವಿದೆ. ಆದ್ದರಿಂದ ಅಲ್ಲಿ ಆ ಪ್ರಮಾಣಪತ್ರದ ಬೆನ್ನು ಹತ್ತಬೇಕು.

ತೆರಿಗೆ ಬಿಟ್ಟು ಗುತ್ತಿಗೆ ಮೊತ್ತ 2.5 ಲಕ್ಷ ರೂಪಾಯಿ ಮೀರಿದರೆ ಇಲಾಖೆ ಶೇ 2 ಜಿಎಸ್‌ಟಿ ಟಿಡಿಎಸ್ (ಮೂಲದಲ್ಲೇ ತೆರಿಗೆ) ಕಡಿತ ಮಾಡುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ಸುಮಾರು 88,000 ರೂಪಾಯಿ. ಅದು ನಿಮ್ಮದೇ ಹಣ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಟಿಡಿಎಸ್ ಅನ್ನು ನೀವು ಒಪ್ಪಿಕೊಂಡು ಸಲ್ಲಿಸಿದಾಗ ನಿಮ್ಮ ನಗದು ಲೆಡ್ಜರ್‌ಗೆ ಸೇರುತ್ತದೆ. ಒಪ್ಪದೆ ಬಿಟ್ಟರೆ ಅಲ್ಲಿಯೇ ಉಳಿಯುತ್ತದೆ.

ಪಾವತಿ ತಡವಾದರೆ ಬರೀ ಕಚೇರಿಗೆ ಅಲೆಯಬೇಕಾಗಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ (ಎಂಎಸ್‌ಎಂಇಡಿ) ಕಾಯ್ದೆಯ 15ನೇ ಪ್ರಕರಣದ ಪ್ರಕಾರ, ಲಿಖಿತ ಒಪ್ಪಂದ ಏನೇ ಇದ್ದರೂ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಸರಕು ಅಂಗೀಕಾರವಾದ 45 ದಿನಗಳೊಳಗೆ ಹಣ ಕೊಡಬೇಕು. ಮೀರಿದರೆ 16ನೇ ಪ್ರಕರಣದಡಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ಸೇರುತ್ತದೆ. ತಡವಾದ ಪಾವತಿಯ ವಿವಾದಗಳನ್ನು ನೋಡುವ ರಾಜ್ಯದ ಸೌಲಭ್ಯ ಮಂಡಳಿಗೆ ಆನ್‌ಲೈನ್ ಮೂಲಕ ದೂರು ಸಲ್ಲಿಸಬಹುದು. ಉದ್ಯಮ್ ನೋಂದಣಿ ಆದೇಶ ಬರುವ ಮೊದಲೇ ಆಗಿದ್ದರೆ ಮಾತ್ರ ಈ ಹಕ್ಕನ್ನು ವಿವಾದವಿಲ್ಲದೆ ಕೇಳಲು ಸಾಧ್ಯ. ಸರ್ಕಾರಿ ಕಚೇರಿಯ ಮೇಲೆ ದೂರು ಕೊಟ್ಟರೆ ಮುಂದಿನ ಟೆಂಡರ್ ಸಿಗದು ಎಂಬ ಭಯ ಅನೇಕರಲ್ಲಿದೆ, ಅದು ಅರ್ಥವಾಗುವಂಥದ್ದೇ. ಅಂಥವರು 45ನೇ ದಿನ ಕಳೆದ ಕೂಡಲೇ ಕಾಯ್ದೆಯ ಪ್ರಕರಣವನ್ನು ನಮೂದಿಸಿದ ವಿನಯಪೂರ್ವಕ ಪತ್ರವೊಂದನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಅದರ ಸ್ವೀಕೃತಿಯನ್ನು ಕಡತದಲ್ಲಿಡಲಿ.

ಹಣ ಬಂದ ಕೂಡಲೇ ಪೂರ್ಣಗೊಂಡ ಪ್ರಮಾಣಪತ್ರವನ್ನು ಅದೇ ಅಧಿಕಾರಿಯಿಂದ, ಅವರ ವರ್ಗಾವಣೆಯಾಗುವ ಮೊದಲು ಪಡೆಯಿರಿ. ಭದ್ರತಾ ಠೇವಣಿಯ ಅವಧಿ ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಟ್ಟುಕೊಂಡು, ಆ ದಿನವೇ ಮರುಪಾವತಿಗೆ ಅರ್ಜಿ ಕೊಡಿ. ಕೇಳದ ಠೇವಣಿಯನ್ನು ತಾವಾಗಿಯೇ ಹಿಂದಿರುಗಿಸುವ ಕಚೇರಿಗಳು ಕಡಿಮೆ.